ಒಣಗಿದರೆ ಸೋರುವ ದೋಣಿ

ದೋಣಿ ಮಾರಾಟಕ್ಕಿದೆ ಎಂದು ನನ್ನ ನಂಬರು ಕೊಟ್ಟು ಮೊಬೈಲಿನಲ್ಲಿ ಹಾಕಿದ್ದ ಜಾಹೀರಾತು ಎಲ್ಲೋ ಇನ್ನೂ ಉಳಿದುಕೊಂಡಿದೆ. ಅದನ್ನು ತೆಗೆಯುವುದು ಹೇಗೆಂದು ನನಗೆ ಗೊತ್ತಿಲ್ಲ, ಯಾರನ್ನಾದರೂ ಕೇಳೋಣವೆಂದರೆ ಬೇಸರ. ತಿಂಗಳಿಗೊಬ್ಬರೋ ಇಬ್ಬರೋ ಫೋನ್ ಮಾಡುತ್ತಾರೆ. ಸರಿಯಾಗಿ ಊಟಕ್ಕೆ ಕೂತಾಗಲೇ ಮಾಡುತ್ತಾರೆ. ದೋಣಿ ಇದೆಯಾ ಸಾರ್ ಎನ್ನುತ್ತಾರೆ. ಇಲ್ಲ, ಹೋಯಿತು ಎನ್ನುತ್ತೇನೆ. ಅದರ ಯಜಮಾನರೂ ಹೋಗಿ ಆರು ತಿಂಗಳಾಯಿತು ಎಂದು ಹೇಳುವುದಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದು ಮೂವತ್ತು ವರ್ಷ ಸರ್ಕಾರಿ ಕುರ್ಚಿಯಲ್ಲಿ ಕೂತವನಿಗೆ ಅಭ್ಯಾಸವಾಗಿ ಹೋಗಿರುತ್ತದೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಾಲ್ಕು ಜನರ ಬಾಯಲ್ಲಿ ತಮ್ಮ ಹೆಸರು ಬರುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ನಿವೃತ್ತಿಯ ದಿನ ಕಚೇರಿಯವರು ಹಾರ ಹಾಕಿ ಒಂದಷ್ಟು ಒಳ್ಳೆಯ ಮಾತಾಡಿದ್ದಕ್ಕೇ ಮನೆಗೆ ಬಂದು, ಇವರೆಲ್ಲ ಯಾರ ವಿಷಯ ಹೇಳುತ್ತಿದ್ದರು ಎಂದು ಹೆಂಡತಿಯನ್ನು ಕೇಳಿದರಂತೆ. ಒಂದಾದರೂ ತಪ್ಪು ಎತ್ತಿ ಆಡಬೇಕಿತ್ತು, ಆಗ ಉಳಿದದ್ದನ್ನು ನಂಬಬಹುದಿತ್ತು ಎಂದು ನನ್ನ ಹತ್ತಿರವೂ ಗೊಣಗಿದರು. ಆ ಮಾತುಗಳಲ್ಲಿ ಅರ್ಧ ನಾನೇ ಆಡಿದ್ದು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು.

ಗೊರೂರಿನ ಅಣೆಕಟ್ಟಿನಲ್ಲಿ ಅವರು ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದರು. ನಾನು ಅಲ್ಲೇ ಕಚೇರಿಯಲ್ಲಿ ಗುಮಾಸ್ತ. ಕ್ವಾರ್ಟರ್ಸಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನಾವು ಸಾಮಾನು ಇಳಿಸಿದ ದಿನವೇ ಬಾಗಿಲಿಗೆ ಬಂದು ನಿಂತರು. ಕುಳ್ಳಗೆ, ಕಪ್ಪಗೆ, ಹೆಗಲ ಮೇಲೊಂದು ಟವಲು. ನಮಸ್ಕಾರಕ್ಕೂ ಮೊದಲು ಅವರು ಹೇಳಿದ್ದು ಇಷ್ಟು: ನನಗೆ ಎಡಗಿವಿ ಮಂದ, ಜೋರಾಗಿ ಮಾತಾಡಬೇಕು. ಬೆಳಗಿನ ಜಾವ ಕೆಮ್ಮುತ್ತೇನೆ, ಗೋಡೆ ತೆಳ್ಳಗಿದೆ, ನಿಮಗೆ ಕೇಳಿಸುತ್ತದೆ. ಕೊಟ್ಟ ಸ್ಪ್ಯಾನರು ಸಂಜೆಯೊಳಗೆ ವಾಪಸು ಬರದಿದ್ದರೆ ಬಂದು ಬಾಗಿಲು ಬಡಿಯುತ್ತೇನೆ. ಇದೆಲ್ಲ ಆದಮೇಲೆ ನಮ್ಮ ಬೀರುವಿಗೆ ಹೆಗಲು ಕೊಟ್ಟು ಒಳಗೆ ತಂದಿಟ್ಟರು. ನನ್ನ ಹೆಂಡತಿ ಅಡುಗೆಮನೆಗೆ ಹೋಗಿ ನಕ್ಕಳು.

ಕಂಡದ್ದನ್ನೆಲ್ಲ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಬಲಗಿವಿ ಹತ್ತಿರ ತಂದು ಕೇಳುವುದು ಅವರ ಚಾಳಿ. ತೆಂಗಿನಕಾಯಿ, ಕಿಟಕಿ, ನೀರಿನ ಡ್ರಮ್ಮು, ಯಾವುದೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ನಾವು ಹೊಸದಾಗಿ ತಂದ ಮಂಚವನ್ನು ಕುಟ್ಟಿ ನೋಡಿ, ಎರಡು ವರ್ಷ ಬರುತ್ತದೆ ಎಂದರು. ಎರಡು ವರ್ಷಕ್ಕೆ ಅದರ ಕಾಲು ಮುರಿಯಿತು. ಮಂಚ ಮಾರಿದವನ ಮೇಲೆ ಬರಬೇಕಾದ ಸಿಟ್ಟು ನನಗೆ ಇವರ ಮೇಲೆ ಬಂತು.

ನನ್ನ ತಮ್ಮನಿಗೆ ಹೆಣ್ಣು ನೋಡಲು ಚನ್ನರಾಯಪಟ್ಟಣಕ್ಕೆ ಹೊರಟಾಗ ಹಿರಿಯರು ಒಬ್ಬರಿರಲಿ ಎಂದು ಇವರನ್ನು ಕರೆದುಕೊಂಡು ಹೋಗಿದ್ದೆವು. ಉಪ್ಪಿಟ್ಟು ಬಂತು, ಕಾಫಿ ಬಂತು, ಹುಡುಗಿ ಬಂದು ಹೋದಳು. ಹುಡುಗನ ವಿಷಯ ನೀವೇನಾದರೂ ಹೇಳಿ ಎಂದು ಹೆಣ್ಣಿನ ತಂದೆ ಮರ್ಯಾದೆಗೆ ಇವರ ಕಡೆ ತಿರುಗಿದರು. ಇವರು ಲೋಟ ಕೆಳಗಿಟ್ಟು, ಹುಡುಗ ಎಂಟು ಗಂಟೆಗೆ ಮೊದಲು ಏಳುವುದಿಲ್ಲ, ಸಿಟ್ಟು ಬಂದರೆ ತಟ್ಟೆ ತಳ್ಳುತ್ತಾನೆ, ಒಂದು ಸಲ ಡಿಗ್ರಿ ಫೇಲಾಗಿ ಆಮೇಲೆ ಪಾಸಾದ ಎಂದರು. ನಮ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾವ್ಯಾರೂ ಅವರ ಜೊತೆ ಮಾತಾಡಲಿಲ್ಲ. ವಾರದಲ್ಲಿ ಒಪ್ಪಿಗೆ ಬಂತು. ಇಪ್ಪತ್ತು ವರ್ಷವಾದರೂ ತಮ್ಮ ತಟ್ಟೆ ತಳ್ಳಿದಾಗೆಲ್ಲ ಅವನ ಹೆಂಡತಿ, ನನಗೆ ಮೊದಲೇ ಹೇಳಿದ್ದರು ಬಿಡಿ ಎನ್ನುತ್ತಾಳೆ.

ಈ ಚಾಳಿ ಎಲ್ಲಿಂದ ಬಂತೆಂದು ಒಮ್ಮೆ ಕೇಳಿದ್ದೆ. ಅವರ ತಂದೆ ದನದ ವ್ಯಾಪಾರದವರು. ಎತ್ತಿಗೆ ಎಲ್ಲಿ ಕೆಟ್ಟ ಸುಳಿ ಇದೆ, ಯಾವ ಕಾಲು ಎಳೆದು ಹಾಕುತ್ತದೆ ಎಂದು ಮೊದಲು ತೋರಿಸಿ ಆಮೇಲೆ ಬೆಲೆಗೆ ಕೂರುತ್ತಿದ್ದರಂತೆ. ಎರಡು ಹೊತ್ತು ಹಾಲು ಕರೆಯದೆ ಕೆಚ್ಚಲು ಬಿಗಿಸಿಕೊಂಡು ಹಸುವನ್ನು ಸಂತೆಗೆ ಹೊಡೆದು ತರುವವರನ್ನು ಕಂಡರೆ ಅವರ ನೆರಳಿನಲ್ಲೂ ನಿಲ್ಲುತ್ತಿರಲಿಲ್ಲವಂತೆ. ಮಗನಿಗೆ ಆಸ್ತಿ ಬಂದದ್ದು ಕಡಿಮೆ, ಇದು ಮಾತ್ರ ಪೂರ್ತಿ ಬಂದಿತ್ತು.

ದೋಣಿಯೂ ಆ ತಂದೆಯದೇ. ಅಣೆಕಟ್ಟು ಕಟ್ಟಿ ನೀರು ನಿಂತಾಗ ಅವರ ಹೊಲದ ನಡುಭಾಗ ಮುಳುಗಿತು. ಈ ದಡದಲ್ಲಿ ಅರ್ಧ ಎಕರೆ, ಆ ದಡದಲ್ಲಿ ಒಂದೂವರೆ ಎಕರೆ ಉಳಿಯಿತು. ರಸ್ತೆಯಲ್ಲಿ ಬಳಸಿಕೊಂಡು ಹೋಗಿ ಬರುವುದೆಂದರೆ ಒಂದು ದಿನ ಹಾಳು. ಆಗ ಅವರು ಎತ್ತುಗಳನ್ನೆಲ್ಲ ಮಾರಿ, ಸರ್ವೆ ಕೆಲಸ ಮುಗಿಸಿ ಊರು ಬಿಡುತ್ತಿದ್ದವರ ಹಳೆಯ ಮೋಟಾರು ದೋಣಿಯನ್ನು ಕೊಂಡರು. ಹದಿನೆಂಟು ಅಡಿ ಉದ್ದ, ಸಾಗುವಾನಿ ಹಲಗೆ, ನಡುವೆ ನೀರೆತ್ತುವ ಪಂಪಿನದರಂಥ ಡೀಸೆಲ್ ಎಂಜಿನ್. ಅಲ್ಲಿಂದ ಮುಂದೆ ಅದೇ ಅವರ ಮನೆಯ ಗಾಡಿ. ರಾಗಿ ಮೂಟೆ, ಹುಲ್ಲಿನ ಹೊರೆ, ಗೊಬ್ಬರ, ಹಬ್ಬಕ್ಕೆ ಬರುವ ನೆಂಟರು, ಎಲ್ಲ ಅದರಲ್ಲೇ. ಅವರ ಹೆಂಡತಿ ಆ ದಡದ ಹಳ್ಳಿಯ ಹೆಣ್ಣು. ನಾನು ಅಕ್ಕ ಎಂದೇ ಕರೆಯುವುದು. ಮದುವೆಯಾಗಿ ಬರುವಾಗ ನಡುನೀರಿನಲ್ಲಿ ಎಂಜಿನ್ ನಿಂತು, ಧಾರೆ ಸೀರೆಯನ್ನು ಮೇಲಕ್ಕೆ ಕಟ್ಟಿ ತಾನೂ ಒಂದು ಚೊಂಬು ಹಿಡಿದು ನೀರು ಮೊಗೆದು ಹಾಕಿದೆ ಎಂದು ಅಕ್ಕ ಹೇಳುತ್ತಿದ್ದರು.

ಆ ಕಡೆಗೂ ಬಸ್ಸು ಓಡಾಡುವಂತಾದ ಮೇಲೆ ದೋಣಿ ದಡದಲ್ಲಿ ಮಗುಚಿ ಬಿತ್ತು. ಮಳೆಗೆ ನೆನೆಯಿತು, ಬಿಸಿಲಿಗೆ ಸೀಳಿತು, ಒಳಗೆ ನಾಯಿ ಮರಿ ಹಾಕಿತು. ನಿವೃತ್ತಿಯಾದ ಮೇಲೆ ಈ ದಡದ ಅರ್ಧ ಎಕರೆಯಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡು ಗಂಡಹೆಂಡತಿ ಬಂದರು. ಬಂದ ಮಾರನೇ ದಿನ ಅವರು ದೋಣಿಯನ್ನು ಕುಟ್ಟಲು ಶುರುಮಾಡಿದರು.

ಮೂರು ವರ್ಷ ಹಿಡಿಯಿತು. ಕೊಳೆತ ಹಲಗೆ ಕಿತ್ತು ಹಾಕಿ, ಹಾಸನದ ಮರದ ಮಿಲ್ಲುಗಳನ್ನೆಲ್ಲ ತಿರುಗಿ ಕುಟ್ಟಿ ಕೇಳಿ, ಕೊನೆಗೆ ಕೆಡವಿದ ಮನೆಯೊಂದರ ತೊಲೆಯಲ್ಲಿ ಬೇಕಾದ ಮರ ಹುಡುಕಿದರು. ಹಲಗೆಯ ಸಂದಿಗೆ ಹತ್ತಿಯ ಹುರಿ ಬಡಿದು ಮೇಲೆ ರಾಳ ಕಾಯಿಸಿ ಹೊಯ್ದರು. ಎಂಜಿನ್ ಬಿಚ್ಚಿ ಅದರ ಭಾಗಗಳನ್ನು ಅಡುಗೆಮನೆಯ ತಟ್ಟೆಗಳಲ್ಲಿ ಹರವಿದರು. ಅಕ್ಕ ಅಷ್ಟು ದಿನವೂ ಮುತ್ತುಗದ ಎಲೆಯಲ್ಲಿ ಬಡಿಸಿದರು. ಸಿಗದ ಒಂದು ಭಾಗವನ್ನು ಹೊಳೆನರಸೀಪುರದ ಲೇತಿನ ಅಂಗಡಿಯಲ್ಲಿ ಮಾಡಿಸಿದರು, ಮೂರು ಸಲ ವಾಪಸು ಕೊಟ್ಟರು, ನಾಲ್ಕನೇ ಸಲ ಅಂಗಡಿಯವನೇ ಕೈಮುಗಿದು ಹೊಸದು ಕಡೆದುಕೊಟ್ಟ. ನಾನು ನಿವೃತ್ತನಾಗಿ ಹಾಸನದಲ್ಲಿ ಮನೆ ಮಾಡಿದ್ದೆ. ಭಾನುವಾರ ಬಂದರೆ ಬಸ್ಸು ಹತ್ತಿ ಹೋಗಿ ಹಲಗೆಯ ಆ ತುದಿ ಹಿಡಿದುಕೊಳ್ಳುವುದು ನನ್ನ ಪಾಲು. ನನಗೆ ನೀರು ಕಂಡರೆ ಭಯ, ದೋಣಿ ಹತ್ತಿದರೆ ಹೊಟ್ಟೆ ತೊಳೆಸುತ್ತದೆ. ಆದರೂ ಯಾಕೆ ಹೋಗುತ್ತಿದ್ದೆನೋ, ಅವರು ಕರೆಯುತ್ತಲೂ ಇರಲಿಲ್ಲ. ಅದು ಮತ್ತೆ ನೀರಿಗಿಳಿದು ಆ ದಡ ಮುಟ್ಟಿ ಬಂದ ದಿನ ಅವರು ಎಂಜಿನ್ನಿನ ಬಿಸಿ ಆರುವವರೆಗೂ ಪಕ್ಕದಲ್ಲಿ ಕೂತಿದ್ದರು.

ಅದಾಗಿ ಒಂದು ವರ್ಷವೂ ನೆಟ್ಟಗೆ ಓಡಿಸಲಿಲ್ಲ. ಅಕ್ಕನ ಕಾಲು ಊದಿತು, ಮುಖ ಊದಿತು. ಕಿಡ್ನಿ ಎರಡೂ ಹೋಗಿವೆ ಎಂದರು. ವಾರಕ್ಕೆ ಮೂರು ದಿನ ಹಾಸನದಲ್ಲಿ ಡಯಾಲಿಸಿಸ್. ಹೋಗಿ ಬಂದವರಿಗೇ ಗೊತ್ತು ಅದರ ಕಷ್ಟ. ದಡದ ಮನೆಯಿಂದ ಗೊರೂರಿಗೆ ಆಟೋ, ಗೊರೂರಿನಿಂದ ಹಾಸನಕ್ಕೆ ಬಸ್ಸು, ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಇನ್ನೊಂದು ಆಟೋ. ನಾಲ್ಕು ಗಂಟೆ ಮೆಷಿನ್ನಿನ ಪಕ್ಕ ಮಲಗಿ, ಎದ್ದಾಗ ಮೈಯಲ್ಲಿ ಜೀವವೇ ಇಲ್ಲದ ಹಾಗಾಗಿರುತ್ತದೆ. ಮತ್ತೆ ಅದೇ ಆಟೋ, ಅದೇ ಬಸ್ಸು, ಅದೇ ಆಟೋ. ಸುಸ್ತಾಯಿತೇ ಅಕ್ಕ ಎಂದರೆ, ಬಸ್ಸೇ ಅಲ್ಲವಾ ಓಡುವುದು, ನನಗೆಂಥ ಸುಸ್ತು ಎನ್ನುವರು. ಅದನ್ನು ಗೋಡೆ ಹಿಡಿದುಕೊಂಡು ಹೇಳುವರು.

ಹಾಸನಕ್ಕೇ ಬಂದುಬಿಡಿ ಎಂದು ನಾವೆಲ್ಲ ಬೆನ್ನು ಬಿದ್ದೆವು. ನಮ್ಮ ಮನೆಯ ಮಹಡಿ ಖಾಲಿಯಿತ್ತು, ಮೆಟ್ಟಿಲು ಹತ್ತುವುದು ಅಕ್ಕನ ಕೈಲಾಗುತ್ತಿರಲಿಲ್ಲ. ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದ ಅವರ ಮಗಳ ಮನೆಯಲ್ಲಿ ಆಗಲೇ ಅವಳ ಅತ್ತೆ ಹಾಸಿಗೆ ಹಿಡಿದಿದ್ದರು. ಕೊನೆಗೆ ನಾನೇ ಓಡಾಡಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಬಾಡಿಗೆ ಮನೆ ಗೊತ್ತುಮಾಡಿದೆ. ಅವರು ಬಂದರು, ಬಾಗಿಲು ಕುಟ್ಟಿ ನೋಡಿದರು, ಸರಿ ಎಂದರು. ಆದರೆ ದೋಣಿಗೊಂದು ದಾರಿ ಮಾಡದೆ ಅಲ್ಲಿಂದ ಕಾಲು ಕೀಳುವುದಿಲ್ಲ ಎಂದುಬಿಟ್ಟರು. ನೋಡುವವರಿಲ್ಲದೆ ಬಿಟ್ಟರೆ ಮತ್ತೆ ಸೀಳುತ್ತದೆ, ಯಾರಾದರೂ ಒಲೆಗೆ ಹೊತ್ತುಕೊಂಡು ಹೋಗುತ್ತಾರೆ. ಕೊಟ್ಟರೆ ನೀರಿನಲ್ಲಿ ಓಡಿಸುವವರಿಗೇ ಕೊಡಬೇಕು. ಅಲ್ಲಿಯವರೆಗೆ ಬಸ್ಸು ಇದ್ದೇ ಇದೆ. ಅಕ್ಕನೂ, ಆಗಲಿ ಬಿಡಿ, ಇಷ್ಟು ದಿನ ಓಡಾಡಿಲ್ಲವಾ ಎಂದರು. ನಾನು ಮನೆಯ ಯಜಮಾನನ ಕೈಕಾಲು ಹಿಡಿದು ಆ ಮನೆಯನ್ನು ಬೇರೆಯವರಿಗೆ ಕೊಡದಂತೆ ತಡೆದಿಟ್ಟೆ.

ಜಾಹೀರಾತನ್ನು ಅವರೇ ಹೇಳಿ ಬರೆಸಿದರು. ಹಳೇ ಮರದ ಮೋಟಾರು ದೋಣಿ. ಒಣಗಿದರೆ ಸೋರುತ್ತದೆ. ಎಂಜಿನ್ ಒಂದು ಸಲಕ್ಕೆ ಸ್ಟಾರ್ಟ್ ಆಗುವುದಿಲ್ಲ. ಭಾರವಿಲ್ಲದಿದ್ದರೆ ಎಡಕ್ಕೆ ಎಳೆಯುತ್ತದೆ. ತುಂಬಾ ಹೊತ್ತು ನಿಂತು ಓಡಿಸಿದರೆ ಸೊಂಟ ನೋಯುತ್ತದೆ. ಮಾರಾಟಕ್ಕಿದೆ. ನಾನು ಮಧ್ಯದ್ದನ್ನೆಲ್ಲ ಹಾರಿಸಿ ಹಾಕಿದೆ. ಓದಿ ತೋರಿಸಿ ಎಂದರು, ಸಿಕ್ಕಿಬಿದ್ದೆ, ಎಲ್ಲವನ್ನೂ ಮತ್ತೆ ಸೇರಿಸಿದೆ. ಆದರೂ ಜನ ಫೋನ್ ಮಾಡಿದರು. ತಮಾಷೆಗೆ ಬರೆದಿದ್ದಾರೆ ಎಂದುಕೊಂಡರೋ ಏನೋ.

ಮರದ ದೋಣಿಯ ವಿಷಯ ಒಂದಿದೆ. ದಡದಲ್ಲಿ ನಿಂತರೆ ಹಲಗೆ ಒಣಗಿ ಸಂದಿ ಬಿಡುತ್ತದೆ. ನೀರಿಗೆ ಇಳಿಸಿದ ಮೊದಲ ದಿನ ಜರಡಿಯ ಹಾಗೆ ಸೋರುತ್ತದೆ. ಎರಡು ದಿನ ನೀರಲ್ಲೇ ಬಿಟ್ಟರೆ ಹಲಗೆ ನೀರು ಕುಡಿದು ಉಬ್ಬಿ ಸಂದಿಯೆಲ್ಲ ಮುಚ್ಚಿಕೊಳ್ಳುತ್ತದೆ, ಆಮೇಲೆ ಹನಿ ನೀರೂ ಒಳಗೆ ಬರುವುದಿಲ್ಲ. ಬೇರೆ ಯಾರೇ ಆಗಿದ್ದರೂ ಎರಡು ದಿನ ಮೊದಲೇ ನೀರಿಗೆ ಬಿಟ್ಟು, ಒಳಗನ್ನು ಚೊಕ್ಕ ಒರೆಸಿ ಗಿರಾಕಿಯನ್ನು ಕರೆಯುತ್ತಿದ್ದರು. ಇವರು ಗಿರಾಕಿ ಬಂದು ದಡದಲ್ಲಿ ನಿಂತ ಮೇಲೆ ಶೆಡ್ಡಿನಿಂದ ಇಳಿಸುತ್ತಿದ್ದರು. ಐದು ನಿಮಿಷಕ್ಕೆ ಪಾದ ಮುಳುಗುವಷ್ಟು ನೀರು. ಎರಡು ದಿನ ಬಿಟ್ಟರೆ ನಿಲ್ಲುತ್ತದೆ ಎಂದು ಹೇಳುತ್ತಿದ್ದರು, ನಿಜ. ಕಾಲಡಿಗೆ ನೀರು ಏರುತ್ತಿರುವಾಗ ಆ ಮಾತು ಯಾರ ಕಿವಿಗೆ ಹೋಗಬೇಕು?

ಮದುವೆಗೆ ಮುಂಚೆ ಜೋಡಿಗಳ ಫೋಟೋ ತೆಗೆಯುವ ಹಾಸನದವನೊಬ್ಬ ಹೊಸ ಬೂಟು ಹಾಕಿಕೊಂಡು ಬಂದ. ಬೂಟು ಕೈಲಿ ಹಿಡಿದುಕೊಂಡು ಹೋದ. ಹಳೇಕೋಟೆ ಕಡೆಯ ಅಣ್ಣತಮ್ಮಂದಿರು ಬಂದು, ಒಬ್ಬ ಹತ್ತಿದ, ಇನ್ನೊಬ್ಬ ದಡದಿಂದಲೇ ಅವನನ್ನು ಇಳಿ ಇಳಿ ಎಂದು ಕೂಗಿ ಇಳಿಸಿಕೊಂಡ. ಅರಕಲಗೂಡು ರಸ್ತೆಯಲ್ಲಿ ಹೊಸದಾಗಿ ಊಟದ ಹೋಟೆಲ್ ತೆಗೆದವನೊಬ್ಬ ಸೋರುವುದನ್ನು ನೋಡಲೂ ಇಲ್ಲ. ಹೋಟೆಲಿನ ಮುಂದೆ ಕಟ್ಟೆ ಕಟ್ಟಿ ಮೇಲಿಟ್ಟು, ಬಣ್ಣ ಹೊಡೆದು, ಒಳಗೆ ಮೇಜು ಹಾಕಿದರೆ ಮಕ್ಕಳುಮರಿ ಕಟ್ಟಿಕೊಂಡು ಬಂದವರು ಕೂತು ಊಟ ಮಾಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ ಎಂದ. ಊಟಕ್ಕೆ ಕೂರೋಕೆ ಬೆಂಚು ತಗಳಿ, ದೋಣಿ ಯಾಕೆ ಎಂದು ಇವರು ಶೆಡ್ಡಿನ ಬಾಗಿಲು ಎಳೆದರು.

ಎರಡು ತಿಂಗಳು ಹೀಗೇ ಹೋಯಿತು. ಗಿರಾಕಿ ಬಂದಾಗೆಲ್ಲ ನಾನೂ ಹೋಗಬೇಕು, ದೋಣಿ ತಳ್ಳಬೇಕು, ಆಮೇಲೆ ಮೇಲೆಳೆಯಬೇಕು. ನನ್ನ ಭುಜ ಹಿಡಿದುಕೊಂಡಿತು. ಅಕ್ಕ ಒಳಗೆ ಮಲಗಿರುವರು. ಕಾಫಿ ಮಾಡಲೇ ಎಂದು ಮಲಗಿದಲ್ಲಿಂದಲೇ ಕೇಳುವರು, ಬೇಡ ಎಂದರೆ ಕೇಳದೆ ಎದ್ದು ಮಾಡುವರು. ಒಂದು ಸಲ ಕಾಫಿ ತಂದವರು ಲೋಟ ನನ್ನ ಕೈಗೆ ಕೊಟ್ಟು ಬಾಗಿಲ ಬಳಿಯೇ ನೆಲದ ಮೇಲೆ ಕೂತುಬಿಟ್ಟರು. ಸೊಪ್ಪು ಸೋಸಬೇಕಿತ್ತು ಎಂದರು. ಸೊಪ್ಪು ಎಲ್ಲೂ ಇರಲಿಲ್ಲ.

ಅದಾದ ಮೇಲೆ ನಾನು ಒಂದು ತೀರ್ಮಾನಕ್ಕೆ ಬಂದೆ. ಅರಕಲಗೂಡಿನ ಒಬ್ಬರು ಫೋನ್ ಮಾಡಿದ್ದರು. ಹೊಗೆಸೊಪ್ಪು ಬೆಳೆಯುವವರು, ಈಗ ಮೀನಿನ ಗುತ್ತಿಗೆಗೂ ಇಳಿದಿದ್ದರು. ಆಳುಗಳನ್ನು, ಬಲೆಯನ್ನು ಸಾಗಿಸಲು ದೋಣಿ ಬೇಕಿತ್ತು. ಅಂದರೆ ನೀರಿನಲ್ಲಿ ಓಡಿಸುವವರೇ. ಆ ವಾರ ಡಯಾಲಿಸಿಸ್ ಸೂಜಿಗೆಂದು ಅಕ್ಕನ ಕೈಗೆ ಸಣ್ಣ ಆಪರೇಷನ್ ಮಾಡಲು ಎರಡು ದಿನ ಆಸ್ಪತ್ರೆಯಲ್ಲೇ ಇರಿಸಿಕೊಂಡಿದ್ದರು, ಇವರೂ ಅಲ್ಲೇ. ನಾನು ದಡಕ್ಕೆ ಹೋಗಿ ಪಕ್ಕದ ಮೀನುಗಾರರಿಬ್ಬರನ್ನು ಕರೆದು ದೋಣಿಯನ್ನು ನೀರಿಗೆ ತಳ್ಳಿಸಿದೆ. ಮಾರನೇ ದಿನವೂ ಹೋಗಿ ಒಳಗಿನ ನೀರೆಲ್ಲ ಎತ್ತಿ ಹಾಕಿದೆ. ಮೂರನೇ ದಿನ ಬೆಳಿಗ್ಗೆ ಅದು ಹೊಸ ಕೊಡದ ಹಾಗಿತ್ತು. ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ಅಕ್ಕನನ್ನು ನಮ್ಮ ಮನೆಯಲ್ಲಿ ಬಿಟ್ಟು ಇವರು ನೇರ ದಡಕ್ಕೆ ಬಂದರು. ಅಷ್ಟರಲ್ಲಿ ಅರಕಲಗೂಡಿನವರು ದೋಣಿ ಹತ್ತಿ ಒಂದು ಸುತ್ತು ಹೊಡೆದು ಬಂದು, ಬಹಳ ಸಂತೋಷವಾಗಿ ನಿಂತಿದ್ದರು. ಇಷ್ಟು ಒಳ್ಳೆಯ ಸಾಮಾನಿಗೆ ಅಂಥ ಜಾಹೀರಾತು ಯಾಕೆ ಹಾಕಿದಿರಿ ಎಂದು ನನ್ನನ್ನು ಕೇಳುತ್ತಿದ್ದರು. ಇವರು ನೀರಿಗಿಳಿದು ಹಲಗೆಯನ್ನು ಎರಡು ಸಲ ಕುಟ್ಟಿದರು. ಕಿವಿ ಕೊಟ್ಟು ಕೇಳಿದರು. ನನ್ನ ಕಡೆ ನೋಡಿದರು.

“ಇದು ಎರಡ್ ದಿನದಿಂದ ನೀರಲ್ಲೈತೆ ಸ್ವಾಮಿ. ನಾ ಇಲ್ದಾಗ ಬುಟ್ಟವ್ರೆ. ಹಾಲ್ ಕರೀದೆ ಬುಟ್ಟು ಕೆಚ್ಚಲು ತೋರ್ಸಿದಂಗೆ ಆಯ್ತು ಇದು,” ಎಂದರು. “ಒಣಗಾಕ್ತೀನಿ. ಎಂಟ್ ದಿನ ಬುಟ್ಟು ಬಂದು ನೋಡಿ. ಆಗ ಬೇಕು ಅಂದ್ರೆ ತಗಂಡೋಗಿ.”

ಅರಕಲಗೂಡಿನವರು ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. ನಾವಿಬ್ಬರೂ ಸೇರಿ ಏನೋ ಆಟ ಹೂಡಿದ್ದೇವೆ ಎಂದುಕೊಂಡಿರಬೇಕು. ಎಂಟು ದಿನ ಬಿಟ್ಟು ಫೋನ್ ಮಾಡುತ್ತೇನೆ ಎಂದು ಜೀಪು ಹತ್ತಿದರು. ಮಾಡುವುದಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು, ಮಾಡಲಿಲ್ಲ.

ನಾನು ರೇಗಿಬಿಟ್ಟೆ. ಅಷ್ಟು ವರ್ಷದಲ್ಲಿ ಅವರ ಎದುರು ದನಿ ಎತ್ತಿದವನಲ್ಲ. ನೀವು ಹೇಳುವ ಒಂದೊಂದು ನಿಜಕ್ಕೂ ಬಸ್ಸಿನಲ್ಲಿ ಕೂತು ಬೆಲೆ ತೆರುತ್ತಿರುವುದು ನೀವಲ್ಲ ಯಜಮಾನ್ರೇ, ಅಕ್ಕ. ನಿಮ್ಮ ದೋಣಿ ಒಣಗಬಾರದು, ಸೀಳಬಾರದು, ಒಳ್ಳೆಯ ಕೈಗೇ ಹೋಗಬೇಕು. ಅಕ್ಕ ಏನಾದರೂ ಆಗಿಹೋಗಲಿ. ಹೀಗೆ ಏನೇನೋ ಅಂದೆ, ಅನ್ನಬಾರದ್ದನ್ನೂ ಅಂದೆ. ಅವರು ಎಡಗಿವಿ ನನ್ನ ಕಡೆಗಿಟ್ಟು ದೋಣಿಯ ಹಗ್ಗ ಬಿಚ್ಚುತ್ತಿದ್ದರು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಅವರೊಬ್ಬರೇ ಅದನ್ನು ಮೇಲೆಳೆಯಲು ಒದ್ದಾಡುತ್ತಿರುವುದನ್ನು ನೋಡಿಯೂ ಬಿಟ್ಟು ಬಸ್ಸಿಗೆ ಬಂದೆ. ಆ ಒಂದು ನಡೆಗೆ ಇವತ್ತಿಗೂ ನನಗೆ ನಾಚಿಕೆಯಿದೆ.

ಮೂರು ವಾರ ನಾನು ಆ ಕಡೆ ತಲೆ ಹಾಕಲಿಲ್ಲ. ಅವರು ವಾರಕ್ಕೆ ಮೂರು ದಿನ ನಮ್ಮ ಮನೆಯಿಂದ ಅರ್ಧ ಮೈಲಿ ದೂರದಲ್ಲೇ ಬಂದು ಹೋಗುತ್ತಿದ್ದರು. ನನ್ನ ಹೆಂಡತಿ ಡಬ್ಬಿಯಲ್ಲಿ ಅನ್ನ ಕಟ್ಟಿಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು. ನಾನು ಪೇಪರು ಓದುತ್ತ ಕೂತಿರುತ್ತಿದ್ದೆ, ಒಂದೇ ಪುಟ.

ನಾಲ್ಕನೇ ವಾರದ ಒಂದು ಮಧ್ಯಾಹ್ನ ಬಾಗಿಲ ಮುಂದೆ ಆಟೋ ನಿಂತಿತು. ಇವರು ಅಕ್ಕನನ್ನು ತಬ್ಬಿ ಹಿಡಿದು ಇಳಿಸುತ್ತಿದ್ದರು. ಆಸ್ಪತ್ರೆ ಮುಗಿಸಿ ಬಸ್ ಸ್ಟ್ಯಾಂಡಿಗೆ ಹೋದವರು, ಗೊರೂರಿನ ಬಸ್ಸು ಬಂದು ನಿಂತಿದೆ, ಇನ್ನೇನು ಹತ್ತಬೇಕು, ಅಕ್ಕ ಮೆಟ್ಟಿಲ ಬಳಿ ಕುಸಿದು ಕೂತರಂತೆ. ಇನ್ನು ನನ್ನ ಕೈಲಿ ಆಗಲ್ಲ ಎಂದರಂತೆ. ಆ ಹೆಂಗಸಿನ ಬಾಯಲ್ಲಿ ಆ ಮಾತು ಮೊದಲ ಸಲ ಬಂದದ್ದು. ನನ್ನ ಹೆಂಡತಿ ಅವರನ್ನು ಒಳಗೆ ಮಲಗಿಸಿದಳು. ಇವರು ಹಜಾರದಲ್ಲಿ ನಿಂತೇ ಇದ್ದರು. ಟವಲಿನಿಂದ ಎರಡೂ ಕೈ ಒರೆಸಿಕೊಂಡರು, ಒದ್ದೆಯೇನೂ ಇರಲಿಲ್ಲ.

“ಸಾ, ಆ ಓಟ್ಲಿನವ್ನಿಗೆ ಪೋನ್ ಮಾಡಿ,” ಎಂದರು. “ತಗಂಡೋಗು ಅನ್ನಿ.”

ಹೋಟೆಲಿನವನು ಮಾರನೇ ದಿನವೇ ಟ್ರಾಕ್ಟರ್ ತಂದ. ಟ್ರೈಲರಿಗೆ ದೋಣಿ ಏರಿಸುವಾಗ ಇವರು ಅವನನ್ನು ಪಕ್ಕಕ್ಕೆ ಕರೆದು, ನೋಡಿ, ಇದು ಒಣಗಿದರೆ ಸೋರುತ್ತದೆ ಎಂದು ಶುರುಮಾಡಿದರು. ಅವನು ಒಳ್ಳೆಯ ಮನುಷ್ಯನೇ, ನಕ್ಕು, ನೆಲದ ಮೇಲೆ ಇಡೋದು ಯಜಮಾನ್ರೇ, ಸೋರಿದರೇನು ಎಂದ. ಎಂಜಿನ್ ಬೇಡ, ಜಾಗ ಹಿಡಿಯುತ್ತದೆ, ನೀವೇ ಇಟ್ಟುಕೊಳ್ಳಿ ಎಂದ. ಎಡಕ್ಕೆ ಎಳೆಯುವುದು, ಸೊಂಟ ನೋಯುವುದು, ಯಾವುದನ್ನೂ ಹೇಳುವ ಅಗತ್ಯ ಬೀಳಲಿಲ್ಲ. ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಅವರನ್ನು ಅಷ್ಟು ಸೋತವರ ಹಾಗೆ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆ ವಾರವೇ ಆಸ್ಪತ್ರೆಯ ಹಿಂದಿನ ಬೀದಿಗೆ ಬಂದರು. ಅಕ್ಕನಿಗೆ ನಿಜವಾಗಿಯೂ ಒಳ್ಳೆಯದಾಯಿತು. ನಡೆದೇ ಹೋಗಿ ನಡೆದೇ ಬರುತ್ತಿದ್ದರು. ಮುಖಕ್ಕೆ ಸ್ವಲ್ಪ ಕಳೆ ಬಂತು, ನನ್ನ ಹೆಂಡತಿಯ ಜೊತೆ ಸೇರಿ ಬೀದಿಯವರ ಮೇಲೆ ಚಾಡಿ ಹೇಳುವಷ್ಟು ತ್ರಾಣ ಬಂತು. ಇವರು ಮಾತ್ರ ಏನನ್ನೂ ಕುಟ್ಟುವುದನ್ನು ಬಿಟ್ಟರು. ಎಂಜಿನ್ನನ್ನು ಹಿತ್ತಲಲ್ಲಿ ಗೋಣಿಚೀಲ ಹೊದಿಸಿ ಇಟ್ಟಿದ್ದರು, ಬಿಚ್ಚಲಿಲ್ಲ. ಗೊರೂರಿನ ಕಡೆ ಏನಾದರೂ ಕೆಲಸ ಬಿದ್ದರೆ ಬಸ್ಸಿನಲ್ಲಿ ಹೋಟೆಲಿಗೆ ಬೆನ್ನಾಗುವ ಕಡೆ ಸೀಟು ಹಿಡಿಯುತ್ತಿದ್ದರು. ನಾನೊಮ್ಮೆ ಆ ಹೋಟೆಲಿಗೆ ಹೋಗಿದ್ದೆ. ದೋಣಿಗೆ ಹಳದಿ ಬಣ್ಣ ಹೊಡೆದು ಸುತ್ತ ಸೀರಿಯಲ್ ಸೆಟ್ ಬಿಟ್ಟಿದ್ದರು. ಒಳಗೆ ಒಂದು ಸಂಸಾರ ಕೂತು ಮುದ್ದೆ ಉಣ್ಣುತ್ತಿತ್ತು. ಅದನ್ನು ಅವರಿಗೆ ಹೇಳಲಿಲ್ಲ, ಅವರು ಕೇಳಲೂ ಇಲ್ಲ.

ಹೋದದ್ದು ಅವರೇ ಮೊದಲು. ಗಟ್ಟಿಮುಟ್ಟಾಗಿದ್ದವರು, ಬೆಳಿಗ್ಗೆ ಹಾಲು ತರಲು ಹೋಗಿ ಅಂಗಡಿಯ ಮುಂದೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಅವತ್ತೂ ಅಕ್ಕನ ಡಯಾಲಿಸಿಸ್ ಇತ್ತು. ಒಂದು ದಿನಕ್ಕಿಂತ ಹೆಚ್ಚು ಮುಂದೂಡುವ ಹಾಗಿರಲಿಲ್ಲ. ಮಣ್ಣು ಮಾಡಿದ ಮಾರನೇ ದಿನ ಮಗಳು ಕೈಹಿಡಿದು ಕರೆದುಕೊಂಡು ಹೋಗಿ ಮಾಡಿಸಿಕೊಂಡು ಬಂದಳು.

ತಿಥಿ ಎಲ್ಲ ಮುಗಿದ ಮೇಲೆ ಒಂದು ದಿನ ಅಕ್ಕನನ್ನು ನೋಡಲು ಹೋದೆ. ಕಿಡ್ನಿ ಹೋದವರಿಗೆ ಹಣ್ಣು ಕೊಡುವಂತಿಲ್ಲ, ಏನು ಒಯ್ಯಬೇಕೆಂದು ತಿಳಿಯದೆ ಬರಿಗೈಯಲ್ಲಿ ಹೋಗಿದ್ದೆ. ನನ್ನೊಳಗೆ ಕೊರೆಯುತ್ತಿದ್ದುದನ್ನು ಹೇಳಿಬಿಟ್ಟೆ. ಅವತ್ತು ದಡದಲ್ಲಿ ನಾನು ಅಷ್ಟೆಲ್ಲ ಅನ್ನಬಾರದಿತ್ತು, ನನ್ನ ಮಾತು ತಾಗಿಯೇ ಅವರು ದೋಣಿಯನ್ನು ಹಾಗೆ ಬಿಸಾಡಿದ್ದು, ಆ ಕೊರಗಿನಲ್ಲೇ ಹೋದರೇನೋ ಎಂದೆ. ಅಕ್ಕ ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಕೂತಿದ್ದರು.

“ನಿಮ್ ತಪ್ಪಲ್ಲ ಅಣ್ಣ ಅದು. ಆವತ್ತು ಬಸ್ಟ್ಯಾಂಡಲ್ಲಿ ನಂಗೇನೂ ಆಗಿರ್ಲಿಲ್ಲ,” ಎಂದರು.

ನನಗೆ ಅರ್ಥವಾಗಲಿಲ್ಲ.

“ದಿನಾ ಆಗೋದು. ಕಣ್ ಕತ್ಲೆ ಬಂದು ಜೀವ ಓದಂಗೆ ಆಗೋದು. ಒಂದಿನಾನೂ ಬಾಯ್ ಬುಡ್ಲಿಲ್ಲ, ಅವ್ರ ದೋಣಿ ಒಳ್ಳೆ ಕಡೀಗೆ ಓಗ್ಲಿ ಅಂತ. ಎಷ್ಟ್ ದಿನ ಅಂತ ತಡ್ಕಳದು? ಆವತ್ತು ವಸಿ ಚೆನ್ನಾಗಿದ್ದೆ. ಅದುಕ್ಕೇ ಬೇಕಂತ ಕುಸ್ದು ಕೂತ್ಕಂಡೆ. ನಿಜವಾಗ್ಲೂ ಆದ ದಿನ ಅಂಗೆ ನಾಟ್ಕ ಆಡಕ್ಕೆ ತ್ರಾಣ ಎಲ್ಲಿರ್ತಿತ್ತು?”

ಅವರಿಗೆ ಗೊತ್ತಾಗಲಿಲ್ಲವೇ ಎಂದು ಕೇಳಿದೆ. ಕೇಳಬಾರದಿತ್ತು, ಆದರೆ ಕೇಳದೆ ಇರಲಾಗಲಿಲ್ಲ.

“ಗೊತ್ತಾಗ್ದೆ ಇರ್ತದಾ ಅಣ್ಣ, ಅವ್ರಿಗೆ? ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ್ಕಂಡು ನನ್ ಮಕಾನೇ ನೋಡಿದ್ರು. ಬಸ್ಸು ಒಂಟೋಯ್ತು, ಆದ್ರೂ ನೋಡ್ತಾನೇ ಇದ್ರು. ಆಮೇಲೆ ‘ನಡಿ, ಗುಮಾಸ್ತರ ಕೈಲಿ ಪೋನ್ ಮಾಡ್ಸನ’ ಅಂದ್ರು, ಅಷ್ಟೇ. ಇಲ್ಲಿಗ್ ಬಂದ್ ಮ್ಯಾಲೆ ದಿನಾ ಕಾಯ್ತಿದ್ದೆ, ಇವತ್ ಕೇಳ್ತಾರೆ, ಕೇಳಿದ್ ದಿನ ಒಪ್ಕಳನ ಅಂತ,” ಎಂದು ಅಕ್ಕ ಸೆರಗನ್ನು ಬಿಟ್ಟರು. “ಕೇಳ್ಲೇ ಇಲ್ಲ.”